ಹೆಸರು ಯಾರ ಹೆಸರಿನಲ್ಲಿ

ಶಿಡ್ಲಘಟ್ಟದಲ್ಲಿ ಬೇಸಿನ್ನುಗಳು ಕುದಿಯತೊಡಗುವ ಹೊತ್ತಿಗೆ
ನಾನು ಲೆಕ್ಕದ ಮೇಜಿನಲ್ಲಿ ಕೂತು
ನಿಲೋಫರ್ ಸಿಲ್ಕ್ಸ್ ಡಾಟ್ ಕಾಮ್ ಎಂಬ ಹೆಸರು
ಯಾರ ಹೆಸರಿನಲ್ಲಿದೆ ಎಂದು ಹುಡುಕುತ್ತಿದ್ದೆ.

ಹದಿನೆಂಟು ದಿನ ಉಳಿದಿದೆ.
ಕಟ್ಟದಿದ್ದರೆ ಮೊದಲು ದಂಡ, ಆಮೇಲೆ ಹರಾಜು,
ಆಮೇಲೆ ಈ ಊರನ್ನೇ ಕಾಣದ ಯಾವನೋ
ನಮ್ಮ ಬಾಗಿಲಿಗೆ ಜೂಜಿನ ಬೋರ್ಡು ತಗುಲಿಸುತ್ತಾನೆ.

"ದುಡ್ಡು ಕೊಟ್ಟು ಕೊಂಡಿದ್ದಲ್ಲವಾ?" ಅಂದರು ಜೀನತ್ ಬೀ.
"ಕೊಂಡಿದ್ದಲ್ಲ ಬೀ, ಗುತ್ತಿಗೆ. ವರ್ಷ ವರ್ಷ ಕಟ್ಟಬೇಕು."
"ಎಷ್ಟು ವರ್ಷ ಕಟ್ಟಿದರೆ ನಮ್ಮದಾಗುತ್ತೆ?"
ಬಿಸಿನೀರಿನಿಂದ ಕೈ ತೆಗೆಯದೆಯೇ ಕೇಳಿದರು.
ಬೆರಳ ತುದಿಗಳು ಬಿಳಿಚಿ, ನೆನೆದು, ಗೆರೆಯೇ ಇಲ್ಲ;
ರೇಷನ್ ಅಂಗಡಿಯ ಯಂತ್ರ ಮೂರು ಸಲ
ಇವರನ್ನು ಇವರಲ್ಲ ಅಂದಿದೆ.

ಆರು ವರ್ಷದ ಹಿಂದೆ, ಚಿಂತಾಮಣಿಯ ಸೈಬರ್ ಅಂಗಡಿಯಲ್ಲಿ
ಮುನಿನಾರಾಯಣ ಎಂಬ ಹುಡುಗ ಮಾಡಿಕೊಟ್ಟಿದ್ದು.
ಮೊದಲ ವರ್ಷಕ್ಕೆ ತೊಂಬತ್ತೊಂಬತ್ತು ರೂಪಾಯಿ.
ಸಾಹೇಬರಿಗೆ ಇಮೇಲ್ ಇರಲಿಲ್ಲ, ತನ್ನದನ್ನೇ ಹಾಕಿದ,
ಪಹಣಿಯ ಕಾಲಂನಲ್ಲಿ ಇನ್ನೊಬ್ಬನ ಹೆಸರು ಕೂರುವಷ್ಟೇ ಸಲೀಸಾಗಿ.
ಸಾಹೇಬರು ಹೋದರು. ಅಂಗಡಿ ಮೊಬೈಲ್ ಕವರಿನದಾಯಿತು.
ಹುಡುಗ ಈಗ ಕೈವಾರದಲ್ಲಿ ಫಿಲ್ಟರ್ ನೀರಿನ ಕ್ಯಾನು ತುಂಬಿಸುತ್ತಾನೆ.

"ಅಯ್ಯೋ ಅಕ್ಕಾ, ಅದಿನ್ನೂ ಬದುಕಿದೆಯಾ?"
ಬದುಕಿದೆ.
ಪ್ರತಿ ಜೂನಿನಲ್ಲಿ ಅವನ ಕಾರ್ಡಿನಿಂದ ತಾನಾಗೇ ಕಡಿತವಾಗುತ್ತಾ,
ಐದು ಸಲ, ನನ್ನ ಪುಸ್ತಕದಲ್ಲಿ ಒಂದು ಸಾಲೂ ಇಲ್ಲದೆ.
"ನಾನು ಇನ್ಶೂರೆನ್ಸಿನದೇನೋ ಅಂದ್ಕೊಂಡಿದ್ದೆ" ಅಂದ.
ಈ ಸಲ ಕಾರ್ಡಿನದೇ ಅವಧಿ ಮುಗಿದಿತ್ತು.

ಬೇರೆ ಕಂಪನಿಗೆ ವರ್ಗ ಮಾಡೋಣ, ಅಲ್ಲಿ ಅಗ್ಗ ಎಂದೆ.
"ಮೊದಲು ವಿಳಾಸ ತಿದ್ದಬೇಡಿ, ಅರವತ್ತು ದಿನ ಬೀಗ ಬೀಳುತ್ತೆ.
ಹಳೇ ಮನೆಯ ಬೀಗ ತೆಗೆಸಿ, ಸಂಕೇತ ತರಿಸಿ, ಆಮೇಲೆ ಹೊಸ ಮನೆ."
ಸಹಾಯವಾಣಿಯ ಹುಡುಗಿ ಹೇಳಿದ್ದನ್ನು
ಗೂಡಿನ ಮಾರುಕಟ್ಟೆಯ ಚೀಟಿಯ ಬೆನ್ನಿಗೆ ಬರೆದುಕೊಂಡೆ.

ಮೋಟಾರಿನ ಸದ್ದಿನ ನಡುವೆ ಮುನಿನಾರಾಯಣ ಓದಿದ:
"ದೊಡ್ಡ ಕ್ಯೂ. ಚಿಕ್ಕ ಝಡ್. ಏಳು. ಆಮೇಲೆ ಸೊನ್ನೆ."
"ಸೊನ್ನೆನಾ, ಓ-ನಾ?"
"ಉದ್ದಕ್ಕಿದೆ ಅಕ್ಕಾ, ಕೋಳಿಮೊಟ್ಟೆ ಥರ."
"ಎರಡೂ ಹಾಗೇ ಇರುತ್ತಪ್ಪ."
ಎರಡು ಸಲ ತಪ್ಪಿತು. ಮೂರನೆಯದಕ್ಕೆ ಹಿಡಿಯಿತು,
ಬೆಂದ ಗೂಡುಗಳ ಮೇಲೆ ಕುಂಚ ಆಡಿಸುತ್ತಿದ್ದಂತೆ
ಬಿಚ್ಚಿಕೊಳ್ಳುವ ತುದಿ ಸಿಕ್ಕ ಹಾಗೆ.

ಐದು ದಿನ ಕಾಯಿರಿ ಎಂದಿತು ಪರದೆ.
ಹಳಬರು ಬಿಟ್ಟಿಲ್ಲ, ಹೊಸಬರು ಹಿಡಿದಿಲ್ಲ.
ಜೀನತ್ ಬೀ ದಿನಕ್ಕೆರಡು ಸಲ ಬಂದು ಕೇಳುತ್ತಿದ್ದರು:
"ಈಗೆಲ್ಲಿದೆ?"
"ದಾರಿಯಲ್ಲಿದೆ."
"ಹೆಚ್ಚು ದಿನ ಬಿಟ್ಟರೆ ಚಿಟ್ಟೆ ಕೊರೆದುಬಿಡುತ್ತೆ, ಗೊತ್ತಲ್ಲ?
ತೂತು ಬಿದ್ದ ಗೂಡಿನಿಂದ ನೂಲು ಬರಲ್ಲ."

ಮೂರನೇ ದಿನ, ಸುಮ್ಮನೆ, ನಾನೇ ಕೇಳಿದೆ:
ನಿಲೋಫರ್ ಅಂದರೆ ಸಾಹೇಬರ ತಾಯಿಯಲ್ಲವಾ?

ಎಳೆ ಕಡಿದಿತ್ತು; ಗಂಟು ಹಾಕಿ, ಚರಕ ಮತ್ತೆ ತಿರುಗಲು ಬಿಟ್ಟು
ಹೇಳಿದರು: "ಅವರದೂ ಹೌದು.
ಒಂದು ಮನೆಗೆ ಎರಡು ನಿಲೋಫರ್ ಬೇಡ ಅಂತ
ನಿಕಾಹ್ ಆದ ವಾರ ನನ್ನನ್ನು ಜೀನತ್ ಮಾಡಿದರು.
ಇವರು ಈ ಹೆಸರಿಟ್ಟಾಗ ಎಲ್ಲರೂ ಅಮ್ಮನದು ಅಂದುಕೊಂಡರು.
ನಾನೂ ಕೇಳಲಿಲ್ಲ. ಇವರೂ ಹೇಳಲಿಲ್ಲ."

ಆರನೇ ದಿನ ಪತ್ರ ಬಂತು. ಹೆಸರು ಬಂದು ತಲುಪಿದೆ, ಒಂದು ವರ್ಷ ಕೂಡಿದೆ.
ಈಗ ತಿದ್ದಬಹುದಾದ ಖಾಲಿ ಜಾಗ: ಹಕ್ಕುದಾರರ ಹೆಸರು.
ನಾನು ಅವರ ಮುಖ ನೋಡಿದೆ.
"ಆಧಾರಿನಲ್ಲಿ ಇರೋದನ್ನೇ ಹಾಕು" ಅಂದರು ಕೊನೆಗೆ,
"ಅದು ಅಲ್ಲೇ ಮೇಲೆ ಇದೆಯಲ್ಲ."

ಭಾನುವಾರ ಮುನಿನಾರಾಯಣ ಬಂದ.
ಐದು ವರ್ಷದ ದುಡ್ಡನ್ನು ಎರಡು ಸಲ ಎಣಿಸಿಕೊಂಡು,
ಒಂದು ಕ್ಯಾನ್ ನೀರು ಇಳಿಸಿ ಹೋದ.

ಮುಂದಿನ ಜೂನ್ ಗೋಡೆಯ ಕ್ಯಾಲೆಂಡರಿನಲ್ಲಿ ಇರಲಿಲ್ಲ.
ಮೊಳೆಯ ಪಕ್ಕ, ಸುಣ್ಣದ ಮೇಲೆ, ಪೆನ್ಸಿಲಿನಲ್ಲಿ ಬರೆದಿಟ್ಟೆ.