ಪೆನ್ಸಿಲಿನ ತಾರೀಖು

ಮಡಿಕೇರಿ, ಮಹದೇವಪೇಟೆ. ಮೆಡಿಕಲ್ ಶಾಪಿನ ಮೇಲೆ ಎರಡನೇ ಮಹಡಿ,
ಒಂದು ಬೆಡ್‌ರೂಮು, ಬಾಲ್ಕನಿಯಲ್ಲಿ ಬಟ್ಟೆ ಹಗ್ಗ,
ಹಗ್ಗಕ್ಕೆ ಯಾರೋ ಬಿಟ್ಟುಹೋದ ಎರಡು ಕ್ಲಿಪ್ಪು.
"ಹನ್ನೊಂದು ತಿಂಗಳು," ಅಂದರು ದೇಚಮ್ಮ.
ನಾನು ಮೂರು ಅಂದೆ.

ಆ ಮೂರೂ ಖಚಿತವಲ್ಲ. ನನ್ನದು
ಹಳೇ ಜಮ್ಮಾ ದಾಖಲೆಗಳ ಸ್ಕ್ಯಾನಿಂಗು ಕೆಲಸ;
ತಿಂಗಳ ಕೊನೆಗೆ ಟೆಂಡರು ಒಮ್ಮೆ ಉಸಿರು ಬಿಗಿಹಿಡಿದು
ಆಮೇಲೆ ಬಿಡುತ್ತದೆ.
ಹಗಲೆಲ್ಲ ಗಾಜಿನ ಮೇಲೆ ಬೋರಲು ಮಲಗುತ್ತದೆ
'ವಂಶಪಾರಂಪರ್ಯವಾಗಿ' ಎಂಬ ಮಾತು.
ಅಂಚು ತಿಂದ ಗೆದ್ದಲು ಅದೊಂದನ್ನು ತಿಂದಿಲ್ಲ.
ಸಂಜೆ ಆರಕ್ಕೆ ಇಲ್ಲಿ ಬಂದು ನಿಂತು ಕೇಳುತ್ತೇನೆ:
ಬಿಡುವಾಗ ಹದಿನೈದು ದಿನದ ನೋಟೀಸು ಸಾಕೇ?

ಬಾಯಲ್ಲೇ ಲೆಕ್ಕ ಹಾಕಿದರು.
ಶನಿವಾರ ಭಾನುವಾರ ಟೂರಿಸ್ಟರು ಕೊಡುವುದು ಇಷ್ಟು,
ಹಾಸಿಗೆಯ ಮೇಲೆ ಸಾಂಬಾರು ಚೆಲ್ಲುವುದು ಅಷ್ಟು,
ರಾತ್ರಿ ಎರಡಕ್ಕೆ ಫೋನು ಬೇರೆ, "ಆಂಟೀ, ವ್ಯೂ ಎಲ್ಲಿ?"
"ನೀವು ಚೆಲ್ಲುತ್ತೀರಾ?"
ಇಲ್ಲ, ನನ್ನ ಊಟ ಕ್ಯಾಂಟೀನಿನಲ್ಲಿ.
"ಹಾಗಾದರೆ ಐನೂರು ಕಡಿಮೆ. ಅಡ್ವಾನ್ಸು ಮಾತ್ರ ಮೂರು ತಿಂಗಳದು."
ಮೂರು ತಿಂಗಳಿರಲು ಮೂರು ತಿಂಗಳದೇ? ಒಂದು, ಅಂದೆ.
ಕಿಟಕಿಯ ಚಿಲಕ ಹಾಕಿದರು, ತೆಗೆದರು, ಮತ್ತೆ ಹಾಕಿದರು.
"ಒಂದೂವರೆ."
ಕೆಳಗೆ ಮೆಡಿಕಲ್ಲಿನವನು ಶಟರು ಎಳೆದ.
ಒಂದೂಕಾಲು.

ಒಂದೇ ಒಂದು ಷರತ್ತು ಜಗ್ಗಲಿಲ್ಲ.
"ಪುತ್ತರಿಗೆ ತಂಗಿಯರು ಬರುತ್ತಾರೆ, ಮಕ್ಕಳು ಮರಿ ಸಮೇತ.
ಮೂರು ರಾತ್ರಿ ನೀವು ಬೇರೆ ಕಡೆ ನೋಡಿಕೊಳ್ಳಬೇಕು."
ಇದು ಮಾರ್ಚ್. ಪುತ್ತರಿಗೆ ಇನ್ನೂ ಎಂಟು ತಿಂಗಳಿದೆ.
ಬೆರಳು ಮಡಚಿ ಎಣಿಸಿದೆ, ಅವರೂ ನೋಡಿದರು.
"ಆಗ ನಾನಿಲ್ಲಿ ಇದ್ದರೆ ತಾನೇ?"
"ಇದ್ದರೆ," ಅಂದರು.
ಅಷ್ಟು ಹೊತ್ತಿನ ಚೌಕಾಸಿಯಲ್ಲಿ ಇಬ್ಬರಿಗೂ ಒಪ್ಪಿಗೆಯಾದ
ಮೊದಲ ಪದ ಅದು.

ಛಾಪಾ ಕಾಗದದ ಮೇಲೆ ಟೈಪಿಸ್ಟು ಮೊದಲೇ ಹೊಡೆದಿದ್ದ
'ಹನ್ನೊಂದು' ಕಾಟು ಬಿತ್ತು.
ಹೆಸರು ಇಂಕಿನಲ್ಲಿ, ಬಾಡಿಗೆ ಇಂಕಿನಲ್ಲಿ,
ಮುಗಿಯುವ ತಾರೀಖು ಮಾತ್ರ ಪೆನ್ಸಿಲಿನಲ್ಲಿ.
"ರಬ್ಬರು ನನ್ನ ಹತ್ತಿರ ಇರುತ್ತದೆ," ಅಂದರು, ನಗದೆ.

ಗೀಸರು ಹತ್ತು ನಿಮಿಷ. ಹೊಸ ಮೊಳೆ ಹೊಡೆಯುವ ಹಾಗಿಲ್ಲ,
ಇರುವ ಮೊಳೆಯನ್ನೇ ಬಳಸಬೇಕು;
ಅದರಲ್ಲಿ ಹೋದ ವರ್ಷದ ಕ್ಯಾಲೆಂಡರು
ಆಗಸ್ಟಿಗೇ ನಿಂತಿದೆ.

ರಾತ್ರಿ ಅಂಗಿ ಒಗೆದು ಹಾಕಿದೆ.
ಕರಾರಿನ ಯಾವ ಸಾಲಿನಲ್ಲೂ ಇಲ್ಲ ಆ ಎರಡು ಕ್ಲಿಪ್ಪು.
ಒಂದು ಅಂಗಿಗೆ ಸಾಕು.