ಮೊಯ್ದುಕಾಕನ ಎಫ್-ಟು

ಗೋಣಿಕೊಪ್ಪದ ಗೋದಾಮಿನ ಬಾಗಿಲ ಪಕ್ಕ
ಕಾಫಿ ಹೊಟ್ಟಿನ ಧೂಳು ಕೂತ ಕೀಲಿಮಣೆ.
ಅಕ್ಷರ ಉಳಿದಿರುವುದು ಹದಿನೇಳರಲ್ಲಿ.
ಎಫ್-ಟು ಅಂತೂ ಬೋಳು,
ಬೆರಳಿಗೆ ತಗ್ಗು ಬಿದ್ದು ಹೊಳೆಗಲ್ಲಿನ ನುಣುಪು.

ಮೊಯ್ದುಕಾಕ ಪರದೆ ನೋಡುವವರಲ್ಲ.
ಒಂದು ಕಣ್ಣು ತಕ್ಕಡಿಯ ಕೆಂಪು ಅಂಕಿಯ ಮೇಲೆ,
ಇನ್ನೊಂದು, ಮೂಟೆ ತಂದವನ ಹೆಬ್ಬೆರಳ ಮೇಲೆ:
ಮೆಲ್ಲಗೆ ತಟ್ಟೆಗೆ ತಾಗೀತೇ ಎಂದು.
ಎಫ್-ಟು, ಹೊಸ ಮೂಟೆ. ಎಫ್-ಫೋರ್, ತೇವಾಂಶ.
ಎಫ್-ನೈನ್, ಚೀಟಿ ಹೊರಗೆ.
ಕಪ್ಪು ಪರದೆಯ ಕಾಲದಿಂದ ಅದೇ ಲಯ.
ಆ ಟಕ್ ಟಕಾ ಟಕ್ ನಿಂತರೆ
ಕಾಕ ಚಹಾಕ್ಕೆ ಎದ್ದರೆಂದು ಜೀಪಿನವರಿಗೆ ಗೊತ್ತು.

ಹೊಸ ತಂತ್ರಾಂಶ ಬರೆದವಳು ನಾನು.
ಮಾಲೀಕ ಬೆಳ್ಯಪ್ಪನವರದು ಒಂದೇ ಮಾತು:
"ಎಲ್ಲ ಕಡೆ ಒಂದೇ ತರ ಇರಬೇಕು, ವಾರಿಜಾ.
ಇಲ್ಲಿ ವಿಂಡೋಸು, ನನ್ನ ಕೋಣೆಯಲ್ಲಿ ಮ್ಯಾಕು,
ಪೊನ್ನಂಪೇಟೆ ಡಿಪೋದಲ್ಲಿ ಆ ಪುಕ್ಕಟೆ ಲಿನಕ್ಸು.
ಯಾರು ಎಲ್ಲಿ ಕೂತರೂ ಕಣ್ಣು ತಡವರಿಸಬಾರದು."
ಸರಿ ಎಂದೆ. ಹಸಿರು ಗುಂಡಿ ಮೇಲೆ ಎಡಕ್ಕೆ,
ಕೆಂಪು ಗುಂಡಿ ಕೆಳಗೆ ಬಲಕ್ಕೆ.
ಮೂರೂ ಚಿತ್ರ ಒಂದರ ಮೇಲೊಂದಿಟ್ಟು ನೋಡಿ
ಕೂದಲೆಳೆಯಷ್ಟೂ ಆಚೀಚೆ ಇಲ್ಲವೆಂದು ಹಿಗ್ಗಿದೆ.

ಅಂಗಿ ಹೊಲಿದಿದ್ದೆ ಕಣ್ಣಿಗೆ.
ಕೈ ತೂರಿಸಲು ತೋಳೇ ಇರಲಿಲ್ಲ.

ಫೆಬ್ರವರಿ, ರೋಬಸ್ಟಾ ಇಳಿಯುವ ಹೊತ್ತು, ಯಂತ್ರ ಕೆಟ್ಟಿತು.
ಕಾಕನನ್ನು ಮ್ಯಾಕಿನ ಮುಂದೆ ಕೂರಿಸಿದೆವು.
ಒತ್ತಿದರು, ಎಫ್-ಟು.
ಮೂಟೆ ಬರಲಿಲ್ಲ. ಬೆಳಕು ಬಂತು.
ಮತ್ತೆ ಒತ್ತಿದರು. ಇನ್ನೊಂದು ಮೆಟ್ಟಿಲು ಬೆಳಕು.
ಹೊರಗೆ ಹನ್ನೊಂದು ಜೀಪು, ಒಂದು ಹಾರನ್ನು.
ಕಾಕ ಮೊದಲ ಸಲ ಪರದೆಯನ್ನು ನೇರ ದಿಟ್ಟಿಸಿ,
ಕಣ್ಣು ಕಿರಿದು ಮಾಡಿ ಹೇಳಿದರು:
"ಮಗಳೇ, ತೂಕ ಕೇಳಿದರೆ ಇದು ಸೂರ್ಯನನ್ನು ಕೊಡುತ್ತದೆ."

ಅದೇ ಸಂಜೆ ಪಕ್ಕದ ಬೊಳ್ಳಮ್ಮ
ಮದುವೆಗೆ ಹೊರಟವಳು, ಪಿನ್ನು ಚುಚ್ಚಲು ಕರೆದಳು.
ಇಬ್ಬರೂ ಒಂದೇ ಅಂಗಡಿಯಲ್ಲಿ ಕೊಂಡ ಸೀರೆ, ಅದೇ ಅಂಚು.
ನನ್ನ ನೆರಿಗೆ ಹೊಟ್ಟೆಯ ಮೇಲೆ, ಅವಳದು ಬೆನ್ನ ಹಿಂದೆ.
ಕನ್ನಡಿಗೆ ಮುಖ ಮಾಡಿ, ಹಿಂದೆ ಕೈಯಿಟ್ಟು,
ಕಾಣದ್ದನ್ನು ಎಣಿಸದೆ ಮಡಿಸಿದಳು.
"ಮುಂದೆ ಹಿಡಿ ಅಂದರೆ ನನಗೆ ಬರೋದೇ ಇಲ್ಲ."
ನಾನು ಪಿನ್ನು ಬಾಯಲ್ಲಿಟ್ಟುಕೊಂಡೇ ನಿಂತೆ.

ಚಿತ್ರ ಹಾಗೇ ಬಿಟ್ಟೆ. ಕೀಲಿ ಬಿಚ್ಚಿದೆ.
ಬೆಳ್ಯಪ್ಪನವರ ಹೆಬ್ಬೆರಳಿಗೆ ಕಮಾಂಡು,
ಕಾಕನ ಕಿರುಬೆರಳಿಗೆ ಕಂಟ್ರೋಲು,
ಎಫ್-ಟು ಮೂರೂ ಕಡೆ ಮೂಟೆಯೇ, ಸೂರ್ಯನಿಗೆ ರಜೆ.
ಪ್ರತಿ ಗುಂಡಿಯ ಮಗ್ಗುಲಲ್ಲಿ, ಸಣ್ಣ ಬೂದು ಅಕ್ಷರದಲ್ಲಿ,
ಆ ಯಂತ್ರದ ದಾರಿ ಯಾವುದೆಂದು ಬರೆದೆ.
"ಒಂದೇ ತರ ಅಂದಿದ್ದೆ," ಮಾಲೀಕರು ಗೊಣಗಿದರು,
ಬೂದು ಅಕ್ಷರ ತೋರಿಸಿ. ಉತ್ತರ ಹೊಳೆಯಲಿಲ್ಲ.
ಲೆಕ್ಕ ಸರಿಯಿತ್ತು, ಅಷ್ಟೇ.

ಕಾಕ ಕಣ್ಣಿನ ಪೊರೆ ತೆಗೆಸಲು ರಜೆ ಹಾಕಿದಾಗ
ಸಿದ್ದಾಪುರದ ಜಿನ್ಸಿ ಬಂದಳು, ಹತ್ತೊಂಬತ್ತರವಳು.
ಅವಳಿಗೆ ಎಫ್ ಗಿಫ್ ಗೊತ್ತಿಲ್ಲ; ಹಸಿರು ಗುಂಡಿ, ಇಲಿ, ಕ್ಲಿಕ್ಕು.
ನನ್ನ ಕೂದಲೆಳೆಯ ಲೆಕ್ಕ ಅಲ್ಲಿ ದುಡಿಯಿತು.
ಆದರೆ ಒಂಬತ್ತನೆಯ ದಿನ ಹೊರಗೆ ನಿಂತವಳಿಗೆ ಕೇಳಿಸಿತು
ಟಕ್. ತಡೆದು, ಟಕಾ.
ಯಾರು ಹೇಳಿಕೊಟ್ಟರೆಂದು ಕೇಳಿದೆ.
"ಯಾರೂ ಇಲ್ಲಕ್ಕ, ಬೆರಳು ಜಾರಿ ಆ ತಗ್ಗಿಗೆ ಬಿತ್ತು."

ಎಲ್ಲ ಮುಗಿಯಿತು ಎನ್ನಲಾರೆ.
ತೂಕ ತಿದ್ದಲು ಕಂಟ್ರೋಲ್-ಡಬ್ಲ್ಯೂ ಇಟ್ಟಿದ್ದೆ, ಜಾಣೆಯಂತೆ.
ಡಿಪೋದ ಹುಡುಗನ ಬೆರಳಿಗೆ ಅದು ಕಿಟಕಿ ಮುಚ್ಚುವ ಕೀಲಿ;
ನಿನ್ನೆ ಬ್ರೌಸರೆಂದು ನಮ್ಮ ಪರದೆಗೇ ಒತ್ತಿ
ನಲವತ್ತು ಮೂಟೆ ತಿದ್ದಿಟ್ಟಿದ್ದಾನೆ.
ನಾಳೆ ಏಳೂವರೆಯ ಬಸ್ಸು, ಪೊನ್ನಂಪೇಟೆಗೆ.
ಈಗ ರಾತ್ರಿ ಹನ್ನೆರಡು. ದೀಪ ಆರಿಸಿ ಮಲಗಿದ್ದೇನೆ.
ಹೊದಿಕೆಯ ಮೇಲೆ ಬೆರಳು
ತಾನೇ ತಾನಾಗಿ ಏನನ್ನೋ ಉಳಿಸುತ್ತಿದೆ.