ಉಬ್ಬರದ ಪಟ್ಟಿಯ ಬೆನ್ನಿಗೆ

ಹೋದ ವರ್ಷದ ಉಬ್ಬರ-ಇಳಿತದ ಪಟ್ಟಿ.
ಅದರ ಬೆನ್ನಿಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದೆ:
ಬೆಲೆ, ಬ್ಯಾಟರಿ, ವಾಪಸಿಗೆ ಎಷ್ಟು ದಿನ,
ಕೊನೆಗೆ, ಗಂಟೆ.

ದೋಣಿಗೆ ಎಂಜಿನ್ನು ಕೊಳ್ಳುವಾಗಲೂ ಹೀಗೇ ಅಳೆದು ಸುರಿದು ಕೊಂಡೆ.
ಆ ಎಂಜಿನ್ನೇ ಮೂವತ್ತೊಂದು ವರ್ಷ ಪಕ್ಕದಲ್ಲಿ ಕೂತು
ಎಡಗಿವಿಯನ್ನು ತಿಂದು ಮುಗಿಸಿತು.
ಅದು ಬೇರೆ ಮಾತು.

ಮಚಾಯಸ್ ಊರಿನ ಔಷಧಿ ಅಂಗಡಿಯಲ್ಲಿ
ಕೆಮ್ಮಿನ ಸಿರಪ್ಪಿಗೂ ಮಂಡಿನೋವಿನ ಮುಲಾಮಿಗೂ ನಡುವೆ
ಈಗ ಕಿವಿಗಳನ್ನು ನೇತುಹಾಕಿದ್ದಾರೆ.
ಚೀಟಿ ಬೇಡ, ಡಾಕ್ಟರು ಬೇಡ,
ಚಪ್ಪಲಿ ಕೊಂಡಷ್ಟು ಸಲೀಸು.
ಚಪ್ಪಲಿಯಾದರೆ ಕಚ್ಚಿ ಹೇಳುತ್ತದೆ, ಅಳತೆ ತಪ್ಪಿದೆ ಎಂದು.
ಕಿವಿ?

ಕೌಂಟರಿನ ಹುಡುಗಿ ಮಾರ್ನಿ
ತುಟಿ ಕಾಣುವ ಹಾಗೆ ನಿಧಾನ ಹೇಳಿದಳು:
"ಅಲ್ಪಸ್ವಲ್ಪ ಮಂದ ಆದವರಿಗೆ ಮಾತ್ರ ಇವು.
ನಿಮ್ಮದು ಎಷ್ಟು ಹೋಗಿದೆ?"
ಹೋಗುವಂಥದ್ದು ಹೇಳಿ ಹೋಗುತ್ತದೆಯೇ, ತಾಯಿ.

ಮೂರು ಜೊತೆ ತಂದೆ. ರಸೀದಿ ಫ್ರಿಜ್ಜಿಗೆ ಅಂಟಿಸಿದೆ.

ಬೂದು ಡಬ್ಬಿ, ಇನ್ನೂರ ಎಂಬತ್ತು ಡಾಲರ್.
ಭೇದವಿಲ್ಲದ ಧರ್ಮಾತ್ಮ:
ಮಾತು, ನಲ್ಲಿ, ಕಡಲಹಕ್ಕಿ, ನನ್ನದೇ ದವಡೆ,
ಎಲ್ಲವೂ ಒಂದೇ ಎತ್ತರಕ್ಕೆ.
ಟೋಸ್ಟ್ ಕಡಿದರೆ ಅಂಗಳದಲ್ಲಿ ಜಲ್ಲಿ ಸುರಿದ ಸದ್ದು.

ನೀಲಿ ಡಬ್ಬಿ, ಆರುನೂರ ಐವತ್ತು.
ರಾತ್ರಿ ಚಾರ್ಜಿಗೆ ಮಲಗುತ್ತದೆ, ಹಗಲು ಫೋನಿನ ಮಾತು ಕೇಳುತ್ತದೆ.
ಮೊದಲು ಒಂದು ಪರೀಕ್ಷೆ: ಪೀಂ ಎಂದಾಗ ಒತ್ತಬೇಕು.
ಕೇಳದಿದ್ದಾಗಲೂ ನಾಲ್ಕು ಸಲ ಒತ್ತಿದೆ,
ಫೇಲಾಗುವ ವಯಸ್ಸಲ್ಲ ನನ್ನದು.

ಮೂರನೆಯದು ಸಾವಿರದ ನೂರು. ಬಾದಾಮಿಯಷ್ಟು.
ಕಿವಿಯೊಳಗೆ ಕಳ್ಳನ ಹಾಗೆ ಅಡಗುತ್ತದೆ.
ಮೊದಲ ಸಂಜೆಯೇ ಮೀನಿನ ಸೂಪಿಗೆ ಜಾರಿ ಬಿತ್ತು.

ನಡುವೆ ಒಂದು ಸಂಗತಿ ಪಟ್ಟಿಯಲ್ಲಿ ಬರೆಯಲಿಲ್ಲ:
ಇಷ್ಟು ವರ್ಷ ವಿನಿಫ್ರೆಡ್ಡಳ ಸಿಟ್ಟು ಎಂದುಕೊಂಡದ್ದು
ಸಿಟ್ಟಲ್ಲ, ನನಗಾಗಿ ಏರಿಸಿದ ದನಿ.
ಕಿವಿಗಿಟ್ಟುಕೊಂಡು ಕೂತೆ. ಅವಳು ಉಪ್ಪು ಕೇಳಿದಳು.
ಮನೆ ನಡುಗಿತು.

ಆಮೇಲೆ ಗಂಟೆ.
ಬಂಡೆಸಾಲಿನಾಚೆ ಅಲೆಯ ಮೇಲೆ ತೇಲುವ ಗಂಟೆ,
ಮಂಜು ಇಳಿದರೆ ಅಪ್ಪ ಅದನ್ನೇ ಹಿಡಿದು ಮನೆಗೆ ಬರುತ್ತಿದ್ದ.
ಬರಿಗಿವಿಗೆ ಇವತ್ತಿಗೂ ಸಣ್ಣಗೆ, ಢಣ್, ಕೇಳುತ್ತದೆ.
ಮೂರು ಸಂಜೆ ದಕ್ಕೆಯ ತುದಿಗೆ ಹೋಗಿ ನಿಂತೆ,
ಒಂದೊಂದು ಸಂಜೆಗೆ ಒಂದೊಂದು ಜೊತೆ.
ಬೂದು: ಸೊನ್ನೆ. ನೀಲಿ: ಸೊನ್ನೆ. ಬಾದಾಮಿ: ಸೊನ್ನೆ,
ಅದರ ಪಕ್ಕ ಒಂದು ಬೈಗುಳ.

ವಿನಿಫ್ರೆಡ್ ಕನ್ನಡಕ ಏರಿಸಿ ಪಟ್ಟಿ ಓದಿದಳು.
"ಆಲ್ಟನ್, ಆ ಗಂಟೆ ತೆಗೆದು ನಾಲ್ಕು ವರ್ಷ ಆಯ್ತು.
ಈಗ ಅಲ್ಲಿ ಮಿಣುಕು ದೀಪ. ನಿನಗೆ ಹೇಳಿದ್ದೆ."
ಹೇಳಿರುತ್ತಾಳೆ.
ನಾನೂ ತಲೆಯಾಡಿಸಿರುತ್ತೇನೆ.

ಗಂಟೆಯೂ ಹಿತ್ತಾಳೆ, ನನ್ನ ಕಿವಿಯೂ ಹಿತ್ತಾಳೆ,
ಇಬ್ಬರೂ ಸೇರಿ ನಾಲ್ಕು ವರ್ಷ ನನ್ನನ್ನು ನಂಬಿಸಿದರು.
ಸೊನ್ನೆ ತೆಗೆದ ಮೂರೂ
ಇಲ್ಲದ್ದನ್ನು ಇಲ್ಲ ಎಂದಿದ್ದವು, ಅಷ್ಟೆ.

ಕಾಲಂ ಅಳಿಸಿದೆ. ಗೀಟು ಹೋಯಿತು, ಒತ್ತಿದ ಗುರುತು ಹೋಗಲಿಲ್ಲ.

ನಿನ್ನೆ ಮಂಜು. ನೀಲಿ ಜೊತೆ ಹಾಕಿಕೊಂಡು ಮತ್ತೆ ದಕ್ಕೆಗೆ.
ಕಂಬಕ್ಕೆ ನೀರು ಬಡಿಯುವುದು,
ಹಗ್ಗ ಮುಲುಗುವುದು,
ಯಾರದೋ ದೋಣಿಯಲ್ಲಿ ರೇಡಿಯೋ ಹವಾಮಾನ ಓದುವುದು,
ಎಲ್ಲ ಬಿಡಿಬಿಡಿಯಾಗಿ ಬಂತು;
ಗಂಟೆ ಇದ್ದ ಕಡೆ
ಗಂಟೆಯಷ್ಟೇ ಗಾತ್ರದ ಖಾಲಿ.
ತೆಗೆದೆ.
ಢಣ್.
ಹಾಕಿದೆ. ಇಲ್ಲ.

ಬೂದು, ಬಾದಾಮಿ ಎರಡನ್ನೂ ಡಬ್ಬಿಗೆ ತುಂಬಿ
ಬಾಗಿಲ ಹತ್ತಿರ ಇಟ್ಟಿದ್ದೇನೆ.
ನೀಲಿ ಮೇಜಿನ ಮೇಲಿದೆ, ಕಿವಿಯಲ್ಲೂ ಅಲ್ಲ, ಡಬ್ಬಿಯಲ್ಲೂ ಅಲ್ಲ.
ವಾಪಸಿಗೆ ಇನ್ನು ಏಳು ದಿನ.